‘ಬರ್ಲಿ’ ಎನ್ನದ ಬಳೆ

ನನಗೆ ಈಚೆಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ ಏನಾದರೂ ಕೊಡಲು ಬಂದರೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಅಗಲಿಸಿ, ಗಟ್ಟಿಯಾಗಿ ‘ಬರ್ಲಿ’ ಎನ್ನುತ್ತೇನೆ. ಚಾ ತಂದ ಹೆಂಡತಿಗೂ ಬರ್ಲಿ, ಕಾಗದ ತಂದ ಅಂಚೆಯವನಿಗೂ ಬರ್ಲಿ. ಕಳೆದ ವಾರ ಪುತ್ತೂರಿನಲ್ಲಿ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದುಕೊಂಡು ಹತ್ತಿರ ಬಂದಾಗಲೂ, ತೆರೆದ ಬಾಯಿಯಲ್ಲೇ ಬರ್ಲಿ ಎಂದೆ. ಇಷ್ಟು ಧೈರ್ಯದ ರೋಗಿಯನ್ನು ತಾವು ನೋಡಿದ್ದೇ ಇಲ್ಲ ಎಂದು ಅವರು ನರ್ಸಮ್ಮನ ಹತ್ತಿರ ಹೇಳಿದರು. ಕಿತ್ತ ಹಲ್ಲನ್ನು, ನಾನು ಕೈ ಚಾಚಿಕೊಂಡೇ ಇದ್ದುದರಿಂದ, ನನ್ನ ಕೈಗೇ ಹಾಕಿದರು.

ನನ್ನ ಹೆಂಡತಿ ನೆಬೀಸ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾಳೆ. ಅರವತ್ತು ದಾಟಿದ ಬೇರೆ ಗಂಡಸರಿಗೆ ಕಿವಿ ಮಂದವಾಗುತ್ತದೆ, ಗಂಟು ನೋಯುತ್ತದೆ, ನಿಮಗೆ ಮಾತ್ರ ಹಿಡಿಯುವ ರೋಗ ಬಂದಿದೆ ಎನ್ನುತ್ತಾಳೆ. ಗಾಜಿನ ಗ್ಲಾಸುಗಳನ್ನೆಲ್ಲ ಮೇಲಿನ ಶೆಲ್ಫಿಗೆ ಏರಿಸಿ ನನಗೆ ಒಂದು ಸ್ಟೀಲಿನ ಲೋಟ ಗೊತ್ತುಮಾಡಿದ್ದಾಳೆ. ಅವಳಿಗೆ ನನ್ನ ಕೈಗಳ ಚರಿತ್ರೆ ಗೊತ್ತು. ಅದನ್ನು ಆಮೇಲೆ ನಾನೇ ಹೇಳುತ್ತೇನೆ, ನಿಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ. ಸದ್ಯಕ್ಕೆ ಇಷ್ಟು ತಿಳಿದುಕೊಳ್ಳಿ. ಈ ಅಭ್ಯಾಸ ನನಗೆ ಬಂದದ್ದು ಆನಂದನಿಂದ. ಆನಂದ ನನಗೆ ಸಿಕ್ಕಿದ್ದು ಒಂದು ಮದುವೆಯ ಊಟದಲ್ಲಿ. ಆ ಊಟದಲ್ಲಿ ನಾನು ಅಷ್ಟು ದೊಡ್ಡ ಮನುಷ್ಯನ ಹಾಗೆ ಮಾತಾಡಲು ಕಾರಣ ಒಂದು ಕಬ್ಬಿಣದ ಬಳೆ.

ಶಾರ್ಜಾದಲ್ಲಿ ನಾನು ಹತ್ತೊಂಬತ್ತು ವರ್ಷ ಒಂದು ದಿನಸಿ ಅಂಗಡಿ ನೋಡಿಕೊಂಡಿದ್ದೆ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಫಿಲಿಪೈನ್ಸಿನ ಕೆಲಸಗಾರರು ರಜೆಯ ದಿನ ಸಂಜೆ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಚೆಂಡು ದಿಕ್ಕು ತಪ್ಪಿದರೆ ನಮ್ಮ ಹಿಂಬಾಗಿಲಿನಿಂದ ಒಳಗೆ ಬಂದು, ನಾನು ಜೋಡಿಸಿಟ್ಟ ಟೊಮೆಟೊ ಡಬ್ಬಿಗಳನ್ನು ಕೆಡವಿ, ಅಕ್ಕಿ ಚೀಲಕ್ಕೆ ಒರಗಿ ನಿಲ್ಲುತ್ತಿತ್ತು. ಅದನ್ನೆತ್ತಿ ಹೊರಗೆ ಎಸೆಯುವುದು ನನ್ನ ಕೆಲಸ. ಆ ಆಟದಲ್ಲಿ ನನಗಿರುವ ಕೈ ಅನುಭವ ಇಷ್ಟೇ. ಆದರೆ ಬಾಯಿ ಅನುಭವ ಬಹಳ. ಆಟ ಮುಗಿಸಿ ಅವರು ತಂಪು ಕುಡಿಯಲು ಬಂದಾಗ ಯಾವ ತಂಡ ಯಾರನ್ನು ಬಿಟ್ಟುಕೊಟ್ಟಿತು, ಬದಲಿಗೆ ಯಾರನ್ನು ತಂದಿತು, ಬಂದವನು ಹೊಂದಿಕೊಂಡನೋ ಇಲ್ಲವೋ ಎಂದು ನನ್ನ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ಚರ್ಚೆ ಮಾಡುತ್ತಿದ್ದರು. ಬಾಗಿಲು ಮುಚ್ಚಿ ಎಂದು ಹೇಳಲು ಹೋಗಿ ನಾನೂ ಚರ್ಚೆಗೆ ಇಳಿದೆ. ಊರಿಗೆ ಮರಳುವ ಹೊತ್ತಿಗೆ ನನ್ನಲ್ಲಿ ಬೇರೇನು ಉಳಿತಾಯವಿತ್ತೋ ಇಲ್ಲವೋ, ಬಾಸ್ಕೆಟ್‌ಬಾಲಿನ ಬಗ್ಗೆ ಅಭಿಪ್ರಾಯಗಳು ಬೇಕಾದಷ್ಟಿದ್ದವು.

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಕಂಬಳಿ, ಅತ್ತರು, ಹಾಲಿನ ಪುಡಿ, ಬಾದಾಮಿ ಇರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅವರು ಬೀಳ್ಕೊಡುಗೆಯಾಗಿ ಬಿಚ್ಚಿ ಕೊಟ್ಟ ಬಾಸ್ಕೆಟ್ ರಿಂಗ್ ಇತ್ತು. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅದರೊಳಗೆ ಕೈ ತೂರಿಸಿ, ಆಮೇಲೆ ತಲೆ ತೂರಿಸಿ, ಇದು ಏನು ಎಂದು ಕೇಳಿದ. ಆಟದ ಸಾಮಾನು ಎಂದೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಕಾಗದ ಮುದ್ದೆ ಮಾಡಿ ಅದರೊಳಗೆ ನಾಲ್ಕಾರು ಸಲ ಎಸೆದು ನೋಡಿ, ಸರಿ ಉಂಟು ಎಂದು ಬಿಟ್ಟರು. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ ನೆಬೀಸ ಅದನ್ನು ತನ್ನ ಮಣಿಕಟ್ಟಿಗೆ ಹಿಡಿದು ನೋಡಿದಳು. ಬರುವಾಗ ಬಳೆ ತನ್ನಿ ಎಂದು ಅವಳು ಹೇಳಿದ್ದು ನಿಜ. ಆದರೆ ಈ ಅಳತೆಯದ್ದು ಅಂತ ಹೇಳಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ರಿಂಗಿನ ಹೆಸರು ಬಳೆ, ನಮ್ಮ ಕಾಣಿಯೂರಿನಲ್ಲಿ ಬಾಸ್ಕೆಟ್‌ಬಾಲಿನ ಹೆಸರು ಬಳೆಯಾಟ.

ನಮ್ಮದು ಕಬಡ್ಡಿ, ವಾಲಿಬಾಲಿನ ಸೀಮೆ. ಅದರ ನಡುವೆ ಬಳೆಯಾಟ ಬೇರು ಬಿಟ್ಟದ್ದು ನನ್ನ ಹಟದಿಂದ. ಪರಿಚಯದ ಗೌಡರೊಬ್ಬರು ತಮ್ಮ ಸಿಮೆಂಟಿನ ಅಂಗಳದ ತುದಿಯಲ್ಲಿ ಕಂಬ ನೆಡಲು ಒಪ್ಪಿದರು. ಅಡಿಕೆ ಒಣಗುವ ತಿಂಗಳುಗಳಲ್ಲಿ ಅಂಗಳ ಅವರಿಗೆ ಬೇಕು, ಮಳೆಗಾಲದಲ್ಲಿ ಅದು ಪಾಚಿ ಕಟ್ಟಿ ಜಾರುತ್ತದೆ. ಉಳಿದ ದಿನಗಳಲ್ಲಿ ನಾವು ಬಾಸ್ಕೆಟ್‌ಬಾಲ್ ತಂಡ. ಇದ್ದದ್ದು ಒಂದೇ ಬಳೆಯಾದ್ದರಿಂದ ಎರಡು ತಂಡದವರೂ ಅದಕ್ಕೇ ಹಾಕಬೇಕು. ಒಂದು ಬದಿಗೆ ನಾಲ್ಕು ಜನ. ತಂಡದಲ್ಲಿ ಒಬ್ಬ ತುಳು, ಒಬ್ಬ ಅರೆಭಾಷೆ, ಒಬ್ಬ ಮಲಯಾಳ, ಒಬ್ಬ ನಮ್ಮ ಬ್ಯಾರಿ ಮಾತಾಡುವವನು. ಹಾಗಾಗಿ ಪಂದ್ಯದ ನಡುವಿನ ಒಂದು ನಿಮಿಷದ ಬಿಡುವಿನಲ್ಲಿ ನಾನು ತಂತ್ರ ಹೇಳಲು ಶುರು ಮಾಡಿದರೆ ಮೂರನೆಯ ಭಾಷೆಗೆ ಬರುವಷ್ಟರಲ್ಲಿ ಸೀಟಿ ಬೀಳುತ್ತಿತ್ತು. ನಾನು ಕೋಚ್ ಅಲ್ಲ, ಬರೇ ಅಭಿಮಾನಿ. ಆದರೆ ತಂಡಕ್ಕೆ ಅಭಿಮಾನಿ ಎಂದು ಇದ್ದದ್ದು ನಾನೊಬ್ಬನೇ, ಆದ್ದರಿಂದ ಅಭಿಮಾನಿಗಳ ಬಹುಮತ ಯಾವಾಗಲೂ ನನ್ನ ಕಡೆಗೇ ಇರುತ್ತಿತ್ತು.

ಆ ತಂಡದ ಕಣ್ಮಣಿ ಶರೀಫ್, ನನ್ನ ತಂಗಿಯ ಮಗ. ಎಲ್ಲಿ ನಿಂತು ಎಸೆದರೂ ಅವನ ಚೆಂಡು ಬಳೆಯನ್ನು ಮುಟ್ಟದೆ ಒಳಗೆ ಬೀಳುತ್ತಿತ್ತು. ಅವನಿಗೆ ಸಂಪಾಜೆಯ ಹುಡುಗಿ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗನಿಗೆ ಪುದಿಯಾಪ್ಳೆ ಎನ್ನುತ್ತೇವೆ, ಅವನು ಹೆಂಡತಿಯ ಮನೆಯಲ್ಲೇ ಉಳಿಯುವ ರೂಢಿ ಹಿಂದಿನಿಂದಲೂ ಕೆಲವು ಮನೆಗಳಲ್ಲಿ ಉಂಟು. ಹುಡುಗಿಯ ತಂದೆಗೆ ಮಡಿಕೇರಿ ರಸ್ತೆಯ ಬದಿಯಲ್ಲಿ ಜೇನು, ಕಾಳುಮೆಣಸು, ಏಲಕ್ಕಿಯ ಅಂಗಡಿ. ನೋಡಿಕೊಳ್ಳಲು ಗಂಡುಮಕ್ಕಳಿಲ್ಲ. ಶರೀಫ್ ಅಲ್ಲಿಯೇ ಇರುವುದೆಂದು ಹಿರಿಯರು ತೀರ್ಮಾನಿಸಿದರು. ತಂಗಿ ಅತ್ತಳು, ಭಾವ ಒಂದು ಹೊತ್ತಿನ ಊಟ ಬಿಟ್ಟ. ನನಗೆ ಅವರಿಬ್ಬರಿಗಿಂತ ಹೆಚ್ಚು ಸಂಕಟವಾಯಿತು, ಯಾಕೆಂದರೆ ಸಂಪಾಜೆಯಲ್ಲಿಯೂ ಒಂದು ಬಳೆಯಾಟದ ತಂಡ ಇತ್ತು.

ಮದುವೆಗೆ ಎರಡು ದಿನ ಮೊದಲೇ ನಾನು ಸಂಪಾಜೆಗೆ ಹೋದೆ. ಮದುವೆ ಮನೆಯ ಹಂಚು ತೆಗೆದು, ಉಜ್ಜಿ, ಮತ್ತೆ ಹೊದಿಸುವ ಕೆಲಸ ನಡೆಯುತ್ತಿತ್ತು. ಕೆಳಗೆ ನಿಂತವನು ಹಂಚನ್ನು ಮೇಲಕ್ಕೆ ಹಾರಿಸುತ್ತಿದ್ದ. ಮಾಡಿನ ಅಂಚಿನಲ್ಲಿ ಕೂತ ಎತ್ತರದ ಆಳೊಬ್ಬ ಅದನ್ನು ಹಿಡಿದು ಮೇಲಿನವನಿಗೆ ದಾಟಿಸುತ್ತಿದ್ದ. ಒಂದೊಂದಲ್ಲ, ಜೋಡಿ ಜೋಡಿ. ತಪ್ಪಿದ್ದು ಒಂದೂ ಇಲ್ಲ. ಮಧ್ಯಾಹ್ನದ ಮೇಲೆ ಅವನೇ ಕೆಳಗಿಳಿದು ಹಾರಿಸತೊಡಗಿದ. ಅವನ ಹಂಚು ಮೇಲಿನವನ ಕೈ ತಲುಪುವಾಗ ಸರಿಯಾಗಿ ತನ್ನ ಓಟ ಮುಗಿಸಿ, ಗಾಳಿಯಲ್ಲಿ ಒಂದು ಗಳಿಗೆ ಕೂತ ಹಾಗೆ ಆಗುತ್ತಿತ್ತು. ಮೇಲಿನವನು ಅದನ್ನು ಹಿಡಿಯುವುದಲ್ಲ, ತೆಗೆದುಕೊಳ್ಳುವುದು. ನಾನು ಕೈಯಲ್ಲಿದ್ದ ಚಾ ಆರಿಹೋಗುವವರೆಗೂ ನೋಡಿದೆ. ಇವನಿಗೆ ಒಂದು ಚೆಂಡು ಕೊಟ್ಟರೆ ಎಂದು ನನ್ನ ಮನಸ್ಸು ಕುಣಿಯಿತು. ವಿಚಾರಿಸಿದರೆ ಹೆಸರು ಆನಂದ. ನಂಬಿ ಬಿಡಿ, ಸಂಪಾಜೆ ತಂಡದಲ್ಲಿ ಅವನ ಹೆಸರೂ ಇತ್ತು, ಆದರೆ ಯಾಕೋ ಅವನನ್ನು ಆಡಿಸುತ್ತಿರಲಿಲ್ಲ. ಕೂರಿಸಿ ಹಾಳು ಮಾಡುವ ಮೂರ್ಖರು ಎಂದುಕೊಂಡೆ.

ಮದುವೆಯ ದಿನ ತುಪ್ಪದನ್ನದ ತಟ್ಟೆಯೆದುರು ನಾನು ಬೇಕೆಂದೇ ಸಂಪಾಜೆಯ ಕ್ಯಾಪ್ಟನ್ ಮೋನಪ್ಪನ ಪಕ್ಕದಲ್ಲಿ ಕೂತೆ. ಜೀಪು ಓಡಿಸುವ ಜನ, ಘಾಟಿಯ ತಿರುವುಗಳಂತೆ ಮಾತಾಡುವವನು. ನಮ್ಮ ಹುಡುಗನನ್ನು ನೀವು ತೆಗೆದುಕೊಂಡಿರಿ, ನಮ್ಮ ತಂಡಕ್ಕೆ ಒಬ್ಬನನ್ನು ಕೊಡಬೇಡವೇ ಎಂದು ನಾನು ಪ್ರಸ್ತಾಪ ಇಟ್ಟೆ. ಮದುವೆಗೂ ತಂಡಕ್ಕೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ, ಅದು ನನಗೆ ಹಿಡಿಸಿತು. ಯಾರು ಬೇಕು ಎಂದ. ಆನಂದ ಎಂದೆ. ಮೋನಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

“ಆನಂದನೇ ಬೇಕಾ ನಿಮ್ಗೆ? ಆಲೋಚನೆ ಮಾಡಿದ್ದೀರಾ ಹಮೀದಾಕ?”

ಮಾಡಿದ್ದೇನೆ ಎಂದೆ. ಒಳ್ಳೆಯ ಸರಕು ಬಿಟ್ಟುಕೊಡುವವನು ಮುಖ ಹಾಗೆ ಮಾಡಿಕೊಳ್ಳುತ್ತಾನೆ ಎಂಬುದು ನನ್ನ ಅಂಗಡಿಯ ಅನುಭವ. ಮೋನಪ್ಪ ಒಪ್ಪಿದ. ಅವನದ್ದು ಒಂದು ಮಾತು ಮಾತ್ರ ಇತ್ತು. ದಸರಾ ರಜೆಯಲ್ಲಿ ಕಾಣಿಯೂರಿನಲ್ಲಿ ಎರಡು ತಂಡಗಳ ಪಂದ್ಯ, ಅಲ್ಲಿಯವರೆಗೆ ಪರೀಕ್ಷೆ. ಆನಂದ ಸರಿಯಾಗದಿದ್ದರೆ ಪಂದ್ಯ ಮುಗಿದ ಕೂಡಲೇ ನಾನು ಹೇಳಬೇಕು, ಅವನು ವಾಪಸ್ಸು, ಶರೀಫ್ ಪಂದ್ಯಗಳಿಗೆ ಬೈಕಿನಲ್ಲಿ ಬಂದು ನಮಗೇ ಆಡುವುದು. ಆಮೇಲೆ ತಕರಾರು ಇಲ್ಲ. ಆನಂದನನ್ನು ಕರೆದು ಕೇಳಿದೆವು. ಅವನು, ತನ್ನ ಅಕ್ಕನನ್ನು ಕಾಣಿಯೂರಿಗೇ ಕೊಟ್ಟದ್ದು, ಭಾವ ತೀರಿಹೋಗಿ ಅವಳು ಸಣ್ಣ ಮಕ್ಕಳೊಂದಿಗೆ ಒಬ್ಬಳೇ ಇದ್ದಾಳೆ, ಅಲ್ಲಿ ಇರುವುದಾದರೆ ತನಗೂ ಸಂತೋಷ ಎಂದ. ನಾನು ಎರಡನೇ ಸಲ ತುಪ್ಪದನ್ನ ಹಾಕಿಸಿಕೊಂಡೆ.

ಆನಂದ ಬಂದ. ಮೊದಲ ವಾರದ ಅಭ್ಯಾಸದಲ್ಲಿ ಅಂಗಳದ ಮೇಲೆ ಹಾರಿದ ಚೆಂಡೆಲ್ಲ ಅವನದ್ದೇ. ಬಳೆಗೆ ತಾಗಿ ಚಿಮ್ಮಿದ್ದು, ಗೋಡೆಗೆ ಹೋಗಬೇಕಾದದ್ದು, ಕೊನೆಗೆ ಪಕ್ಕದ ಮನೆಯಿಂದ ಯಾರೋ ಎಸೆದ ತೆಂಗಿನಕಾಯಿ, ಯಾವುದೂ ಅವನ ಕೈ ತಪ್ಪಿಸಿಕೊಳ್ಳಲಿಲ್ಲ. ಹಿಡಿದ ಮೇಲೆ ಮಾತ್ರ ಅವನು ಚೆಂಡನ್ನು ಎದೆಗೊತ್ತಿಕೊಂಡು ನಿಂತುಬಿಡುತ್ತಿದ್ದ. ಹಾಕು ಹಾಕು ಎಂದು ನಾವೆಲ್ಲ ಕೂಗಿದೆವು. ಅವನು ಬಳೆಯನ್ನು ನೋಡಿದ, ನಮ್ಮನ್ನು ನೋಡಿದ, ಬಹಳ ಕಷ್ಟದ ಮುಖ ಮಾಡಿದ. ಕ್ಯಾಪ್ಟನ್ ಜಯಂತ, ಅವನು ಊರಿನ ರಿಕ್ಷಾ ಓಡಿಸುವವನು, ಸಾಕಾಗಿ ‘ಇತ್ಲಾಗೆ ಬರ್ಲಿ’ ಎಂದು ಕೈ ಚಾಚಿದ. ಚೆಂಡು ತಕ್ಷಣ ಅವನ ಕೈಯಲ್ಲಿ ಬಂದು ಕೂತಿತು. ಹೊಸಬ, ನಾಚಿಕೆ, ಸರಿಹೋಗುತ್ತಾನೆ ಎಂದು ನಾನು ಘೋಷಿಸಿದೆ.

ಸರಿಹೋಗಲಿಲ್ಲ. ಪುತ್ತೂರಿನಿಂದ ಬಂದ ತಂಡದೊಂದಿಗೆ ಮೊದಲ ಪಂದ್ಯ. ಆನಂದ ಎಂದಿನಂತೆ ಚೆಂಡು ಹಿಡಿದು ನಿಂತಿದ್ದ. ಪುತ್ತೂರಿನ ಆಟಗಾರನೊಬ್ಬ ತಮಾಷೆಗೆಂದು ಎರಡೂ ಕೈ ಎತ್ತಿ ‘ಬರ್ಲಿ, ಬರ್ಲಿ’ ಎಂದ. ಆನಂದ ಅವನಿಗೆ ಚೆಂಡು ಕೊಟ್ಟ. ಎಷ್ಟು ಹಿತವಾಗಿ ಕೊಟ್ಟನೆಂದರೆ ಪುತ್ತೂರಿನವನು ಥ್ಯಾಂಕ್ಸ್ ಹೇಳಿ ಬಳೆಗೆ ಹಾಕಿದ. ಎರಡನೇ ಸಲವೂ ಹಾಗೆಯೇ ಆಯಿತು. ಮೂರನೇ ಸಲ ಅವರಿಗೆ ಗುಟ್ಟು ತಿಳಿಯಿತು. ಆಮೇಲೆ ಪುತ್ತೂರಿನ ನಾಲ್ವರೂ ಓಡುವುದನ್ನೇ ಬಿಟ್ಟು, ನಿಂತಲ್ಲಿ ನಿಂತು ಕೈ ಚಾಚಿ ಬರ್ಲಿ ಎನ್ನುವುದು, ಆನಂದ ಸರದಿಯಂತೆ ಒಬ್ಬರಿಗೂ ಬೇಸರವಾಗದ ಹಾಗೆ ಹಂಚುವುದು. ಅಂಗಳದ ಬದಿಯಲ್ಲಿದ್ದ ನನಗೆ ಮೋನಪ್ಪನ ಮುಖ, ಅರ್ಧ ಕಲಸಿದ ಅನ್ನ, ಎಲ್ಲವೂ ನೆನಪಾಯಿತು.

ಸೋತ ಸಿಟ್ಟಿನಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಇವನನ್ನು ದಸರೆಗೆ ವಾಪಸ್ಸು ಕಳಿಸುವುದೇ ಸೈ ಎಂದು ಜಯಂತನ ರಿಕ್ಷಾದ ಸುತ್ತ ನಿಂತ ಎಲ್ಲರಿಗೂ ಕೇಳುವಂತೆ ಹೇಳಿದೆ. ಹೇಳಿ ತಿರುಗಿದರೆ ಆನಂದ ಹಿಂದೆಯೇ ನಿಂತಿದ್ದ.  ನನ್ನ ಕೈಯಿಂದ ಜಾರುತ್ತಿದ್ದ ನೀರಿನ ಬಾಟಲಿಯನ್ನು ಕೆಳಗೆ ಬೀಳುವ ಮೊದಲು ಹಿಡಿದು ಕೊಟ್ಟು ಹೋದ.

ಮನೆಯಲ್ಲಿ ನೆಬೀಸ ಒಂದೇ ಪ್ರಶ್ನೆ ಕೇಳಿದಳು. ಯಾಕೆ ಹಾಕುವುದಿಲ್ಲ ಎಂದು ಅವನನ್ನು ಕೇಳಿದ್ದೀರಾ? ಕೇಳಿರಲಿಲ್ಲ. ಅಭಿಮಾನಿಗಳು ಆಟಗಾರನ ಬಗ್ಗೆ ಎಲ್ಲವನ್ನೂ ಆಟಗಾರನನ್ನು ಬಿಟ್ಟು ಬೇರೆಯವರ ಹತ್ತಿರ ಕೇಳುವುದು ವಾಡಿಕೆ.

ಮರುದಿನ ಬೆಳಿಗ್ಗೆ ಅವನು ಕೆಲಸ ಮಾಡುತ್ತಿದ್ದ ಮನೆಗೆ ಹೋದೆ. ಅದು ಸುಬ್ರಹ್ಮಣ್ಯದ ದಾರಿಯಲ್ಲಿ ಒಂದು ಹಳೆಯ ಹಂಚಿನ ಮನೆ. ಊರಿನಲ್ಲಿ ಈಗ ಹಂಚಿನ ಮನೆಗಳು ಕಡಿಮೆ, ಇದ್ದವಕ್ಕೂ ತಗಡಿನ ಶೀಟು ಹಾಕಿಸುತ್ತಾರೆ. ಆ ಶೀಟು ಮಾರುವವನು ನಾನೇ ಎಂಬುದನ್ನು ನಾಚಿಕೆಯಿಂದ ತಿಳಿಸುತ್ತೇನೆ. ಆನಂದ ನನ್ನನ್ನು ನೋಡಿ ಏಣಿಯಿಂದ ಇಳಿದು ಬಂದ. ತೆಗೆದಿಟ್ಟ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳಿನ ಗಂಟಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು ಕೇಳುವುದು ಅವನ ಆಗಿನ ಕೆಲಸ. ಟಣ್ ಎಂದರೆ ಗಟ್ಟಿ. ದಬ್ ಎಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು. ಆ ಶಬ್ದ ಕೇಳಿದ್ದೇ ನನಗೆ ಬಂದ ಕೆಲಸ ಮರೆತುಹೋಯಿತು.

ಸುಳ್ಯದ ನಮ್ಮ ಹಳೆಯ ಮನೆಯಲ್ಲಿ ಪ್ರತಿವರ್ಷ ಮಳೆಗೆ ಮೊದಲು ಹಂಚು ಇಳಿಸುವ ದಿನ ಬರುತ್ತಿತ್ತು. ಆ ದಿನ ಮನೆಗೆ ಸೂರೇ ಇಲ್ಲ. ಮಂಚದ ಮೇಲೆ ಮಲಗಿದರೆ ಹಂಚು ಹೊರುವ ರೀಪುಗಳ ನಡುವೆ ಆಕಾಶ, ಅಡುಗೆಯ ಹೊಗೆ ನೆಟ್ಟಗೆ ಮೇಲಕ್ಕೆ, ಕಾಗೆಗಳು ಒಳಗೇ ಇಣುಕುವುದು. ನಮಗೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ನನಗೆ ಹತ್ತು ವರ್ಷವಾದಾಗ ಮೇಸ್ತ್ರಿ ಕೊರಗಪ್ಪ ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿದ. ಸಾಲಿನ ನಿಯಮ ಅವನು ಹೇಳಿಕೊಟ್ಟದ್ದು ಇಷ್ಟು. ಹಿಡಿಯುವವನು ಬರ್ಲಿ ಎನ್ನದೆ ಹಂಚು ಕೈ ಬಿಡಬಾರದು. ಬರ್ಲಿ ಎಂದು ಬಾಯಿ ಹೇಳಿದರೆ ಸಾಲದು, ಎರಡು ಕೈಯೂ ಹೇಳಬೇಕು. ನಾನು ಬೆಳಗಿನಿಂದ ಸರಿಯಾಗಿಯೇ ಹಿಡಿದೆ. ಮಧ್ಯಾಹ್ನ ತಾಯಿ, ನಮ್ಮ ಮಾತಿನಲ್ಲಿ ಉಮ್ಮ, ಒಳಗೆ ಹಲಸಿನ ಹಪ್ಪಳ ಕಾಯಿಸುವ ಪರಿಮಳ ಬಂತು. ನನ್ನ ಬಾಯಿ ಬರ್ಲಿ ಎಂದಿತು, ಕಣ್ಣು ಅಡುಗೆಮನೆಗೆ ಹೋಯಿತು, ಕೈ ಎರಡರ ನಡುವೆ ಎಲ್ಲೋ ಉಳಿಯಿತು.

ಬಿದ್ದು ಚೂರಾದದ್ದು ಮಣ್ಣಿನ ಹಂಚಾಗಿದ್ದರೆ ನಾನು ಈಗ ಮರೆತಿರುತ್ತಿದ್ದೆ. ಅದು ಗಾಜಿನ ಹಂಚು. ಅಡುಗೆಮನೆಯ ಮಾಡಿಗೆ ನಮ್ಮಲ್ಲಿದ್ದದ್ದು ಅದೊಂದೇ. ಅದರಿಂದ ಇಳಿಯುವ ಬಿಸಿಲಿನ ಚೌಕ ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಅರೆಯುವ ಕಲ್ಲಿನ ಮೇಲೆ, ಸಂಜೆ ನೀರಿನ ಮಡಕೆಯ ಮೇಲೆ ಬರುತ್ತಿತ್ತು. ಉಮ್ಮ ಅದನ್ನು ನೋಡಿ ಹೊತ್ತು ಹೇಳುತ್ತಿದ್ದಳು. ನನಗೆ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ತಂದೆ, ಎಂದರೆ ನಮ್ಮ ಉಪ್ಪ, ನನ್ನ ಹೆಗಲು ಹಿಡಿದು ಸಾಲಿನಿಂದ ಹೊರಗೆ ತಂದು ಕೋಳಿಗಳನ್ನು ಕಾಯಲು ಕೂರಿಸಿದ. ಗಾಜಿನದ್ದು ಕೂಡಲೇ ಸಿಗಲಿಲ್ಲ, ಆ ಜಾಗಕ್ಕೆ ಮಣ್ಣಿನ ಹಂಚು ಕೂತಿತು, ಮಳೆ ಹಿಡಿಯಿತು. ಆ ಮಳೆಗಾಲವಿಡೀ ಉಮ್ಮ ಹಗಲಲ್ಲೇ ಚಿಮಣಿ ಹಚ್ಚಿಕೊಂಡು ಅಡುಗೆ ಮಾಡಿದಳು. ನಾನು ಬಾಗಿಲಲ್ಲಿ ನಿಂತು ಅವಳ ಬಗ್ಗಿದ ಬೆನ್ನನ್ನು ನೋಡುತ್ತಿದ್ದೆ. ಮುಂದಿನ ವರ್ಷಗಳಲ್ಲಿ ನನ್ನನ್ನು ಸಾಲಿಗೆ ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ನಾನು ಆಡದೆ ಬರೇ ಬದಿಯಲ್ಲಿ ನಿಂತು ಕೂಗುವ ಮನುಷ್ಯನಾದದ್ದು ಬಹುಶಃ ಆ ಕೋಳಿಗಳ ಪಕ್ಕದಲ್ಲಿ.

ಇದನ್ನೆಲ್ಲ ನಾನು ಯಾಕೋ ಆನಂದನಿಗೆ ಹೇಳಿದೆ. ಅವನು ಹಂಚು ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಹೇಳಿ ಮುಗಿಸಿದ ಮೇಲೆ ನನಗೆ ಬಂದ ಕೆಲಸ ನೆನಪಾಗಿ, ನೀನು ಬಳೆಗೆ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ.

“ಅಲ್ಲಿ ಯಾರು ಉಂಟು ಹಮೀದಾಕ? ಹಿಡಿಯುವವರು ಇಲ್ಲದಲ್ಲಿಗೆ ಹಾಕುದು ಹೇಗೆ?”

ಚೆಂಡು ಬಿದ್ದರೆ ಒಡೆಯುವುದಿಲ್ಲ ಮಾರಾಯ ಎಂದು ನಾನು ನಕ್ಕೆ. ಅವನು ನಗಲಿಲ್ಲ.

“ಅದು ತಲೆಗೆ ಗೊತ್ತುಂಟು. ಕೈಗೆ ಗೊತ್ತಿಲ್ಲ. ಹದಿನೈದು ವರ್ಷ ಆಯ್ತು ಈ ಕೆಲಸ ಮಾಡ್ಲಿಕ್ಕೆ ಹಿಡಿದು. ಬರ್ಲಿ ಅಂತ ಕೇಳದೆ ಒಂದೂ ಬಿಟ್ಟದ್ದಿಲ್ಲ. ಆ ಬಳೆ ಎಂತದ್ದೂ ಹೇಳುದಿಲ್ಲ.”

ಎದುರಾಳಿಗಳಿಗೆ ಯಾಕೆ ಕೊಡುವುದು ಎಂದರೆ, ಬರ್ಲಿ ಎಂದು ಎರಡು ಕೈ ಚಾಚಿದವನಿಗೆ ಕೊಡದೆ ಇರುವುದು ಹೇಗೆ, ಮುಖ ನೋಡಿ ಕೊಡಲು ಹೋದರೆ ಹಂಚು ಬೀಳುತ್ತದೆ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಬಾಸ್ಕೆಟ್‌ಬಾಲನ್ನೂ ಅದರಲ್ಲಿ ಹುಡುಕಲು ಆಗಲಿಲ್ಲ. ಹೊರಡುವಾಗ ಅವನು ತಲೆ ತಗ್ಗಿಸಿಕೊಂಡು, ತಾನು ಹೋದರೆ ಅಕ್ಕನಿಗೆ ಸ್ವಲ್ಪ ಕಷ್ಟ, ಆದರೆ ನಿಮ್ಮ ತಂಡ ಸೋಲುವುದೂ ಸರಿಯಲ್ಲ, ನೀವು ಹೇಳಿದ ಹಾಗೆ ಎಂದ. ದಾರಿಯುದ್ದಕ್ಕೂ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಆದರೂ ಶರೀಫ್ ವಾಪಸ್ಸು ಬರುತ್ತಾನೆ, ಚೆಂಡು ಮತ್ತೆ ಬಳೆಯನ್ನು ಮುಟ್ಟದೆ ಒಳಗೆ ಬೀಳುತ್ತದೆ ಎಂಬ ಆಸೆಯೂ ಇತ್ತು. ಅಭಿಮಾನಿಯ ಮನಸ್ಸು ಬಹಳ ಸಣ್ಣದು.

ದಸರಾ ರಜೆಯ ಒಂದು ಸಂಜೆ ಸಂಪಾಜೆಯವರು ಮೋನಪ್ಪನ ಜೀಪಿನಲ್ಲಿ ಬಂದಿಳಿದರು. ಶರೀಫ್ ನನ್ನನ್ನು ತಬ್ಬಿಕೊಂಡ. ಮಾವನ ಮನೆಯ ಊಟದಿಂದ ಗುಂಡಗಾಗಿದ್ದ. ರೆಫ್ರಿ ನಮ್ಮ ನಿವೃತ್ತ ಪಿ.ಟಿ. ಮಾಷ್ಟ್ರು. ಅವರಿಗೆ ಪೂರ್ತಿ ಗೊತ್ತಿರುವುದು ಕಬಡ್ಡಿಯ ನಿಯಮ, ಸಂಶಯ ಬಂದಾಗ ಅದನ್ನೇ ಅನ್ವಯಿಸುತ್ತಿದ್ದರು. ಒಬ್ಬನನ್ನು ಗೆರೆ ಮುಟ್ಟಿದನೆಂದು ಹೊರಗೆ ಕೂರಿಸಿ, ನಾವು ಒಂದು ಬುಟ್ಟಿ ಹಾಕಿದ ಮೇಲೆ ಜೀವ ಕೊಟ್ಟು ಒಳಗೆ ಕರೆದರು.

ಆಟ ಏರುಪೇರಿಲ್ಲದೆ ನಡೆಯಿತು. ಶರೀಫ್ ಎಸೆದದ್ದೆಲ್ಲ ಮೊದಲಿನಂತೆಯೇ ಬಿತ್ತು. ಆದರೆ ಎಸೆಯುವ ಮೊದಲೇ ಅವನ ಕೈಯಿಂದ ಜಾರಿದ ಒಂದೆರಡು ಚೆಂಡು ಆನಂದನಿಗೆ ಸಿಕ್ಕಿ, ಸಂಪಾಜೆಯವರಿಗಿಂತ ಮೊದಲೇ ಕೈ ಚಾಚಿ ಬರ್ಲಿ ಎಂದ ಜಯಂತನಿಗೆ ಹೋಗಿ, ನಮಗೆ ಪಾಯಿಂಟಾಯಿತು. ಶರೀಫ್ ಇದ್ದ ಕಾಲದಲ್ಲಿ ಜಯಂತನಿಗೆ ಚೆಂಡು ಸಿಗುತ್ತಲೇ ಇರಲಿಲ್ಲ, ಅವನು ಬುಟ್ಟಿ ಹಾಕಬಲ್ಲ ಎಂದು ನನಗೆ ಗೊತ್ತಾದದ್ದೇ ಅಂದು. ಆಡುವ ನಾಲ್ವರ ಮುಖವೂ ಬೆವರಿನಲ್ಲಿ ಹೊಳೆಯುತ್ತಿತ್ತು. ಹಿಂದೆ ಒಬ್ಬ ಬೆವರುತ್ತಿದ್ದ, ಮೂವರು ನೋಡುತ್ತಿದ್ದರು. ಇದು ನನ್ನ ಕಣ್ಣಿಗೆ ಯಾಕೆ ಈವರೆಗೆ ಬೀಳಲಿಲ್ಲ ಎಂದು ಯೋಚಿಸುತ್ತ ನಾನು ಗೊತ್ತಿಲ್ಲದೆಯೇ ಕಂಬದ ಹಿಂದೆ ಬಂದು ನಿಂತಿದ್ದೆ.

ಕೊನೆಯ ನಿಮಿಷ. ನಾವು ಒಂದೇ ಪಾಯಿಂಟಿನಿಂದ ಹಿಂದೆ. ಚೆಂಡು ಆನಂದನ ಕೈಯಲ್ಲಿ. ಜಯಂತ ಜಾರಿ ಬಿದ್ದಿದ್ದ, ಉಳಿದಿಬ್ಬರು ದೂರ. ಸಂಪಾಜೆಯವರಿಗೆ ಆನಂದನ ಮರ್ಮ ಮೊದಲೇ ಗೊತ್ತು. ಮೋನಪ್ಪ ಬರ್ಲಿ ಎಂದ, ಇನ್ನೊಬ್ಬ ಬರ್ಲಿ ಎಂದ, ಮತ್ತೊ‌ಬ್ಬ ಬದಿಯಿಂದ ಓಡಿಬಂದು ಬರ್ಲಿ ಎಂದ. ಶರೀಫ್ ಮಾತ್ರ ಬಾಯಿ ಬಿಡದೆ ತಲೆ ತಗ್ಗಿಸಿ ನಿಂತ. ಆನಂದ ಒಬ್ಬೊಬ್ಬರನ್ನೂ ನೋಡಿದ. ಮೂವರೂ ಓಡುತ್ತ ಕೂಗುತ್ತಿದ್ದರು, ಯಾರ ಕೈಯೂ ಸಿದ್ಧವಾಗಿರಲಿಲ್ಲ. ಬಾಯಿ ಹೇಳಿದರೆ ಸಾಲದಲ್ಲ. ಅವನ ಮುಖದಲ್ಲಿ ಮತ್ತೆ ಅದೇ ಕಷ್ಟ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಾಷ್ಟ್ರು ಸೀಟಿಯನ್ನು ಬಾಯಿಗೆ ತೆಗೆದುಕೊಳ್ಳುತ್ತಿದ್ದರು. ನಾನು ಕಂಬ ದಾಟಿ, ಗೆರೆ ದಾಟಿ, ಬಳೆಯ ಕೆಳಗೆ ಬಂದು ನಿಂತೆ. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದೆ. ಹತ್ತು ವರ್ಷದವನಿದ್ದಾಗ ಕೂಗಿದಷ್ಟೇ ಗಟ್ಟಿಯಾಗಿ ಕೂಗಿದೆ.

“ಆನಂದಾ, ಬರ್ಲಿ.”

ಅವನು ನನ್ನ ಕೈಗಳನ್ನು ನೋಡಿದ. ಮೊಣಕಾಲು ಒಮ್ಮೆ ಬಗ್ಗಿತು. ಚೆಂಡು ಮೇಲಕ್ಕೆ ಹೋಯಿತು, ಬಳೆಯ ಮೇಲೆ ತನ್ನ ಓಟ ಮುಗಿಸಿ ಒಂದು ಗಳಿಗೆ ಗಾಳಿಯಲ್ಲಿ ಕೂತಿತು, ಆಮೇಲೆ ಬಳೆಯನ್ನು ಮುಟ್ಟದೆ ಅದರ ನಡುವಿನಿಂದ ನೇರ ನನ್ನ ಕೈಗೆ ಇಳಿಯಿತು. ಅಷ್ಟು ಹಿತವಾಗಿ ನನಗೆ ಜೀವನದಲ್ಲಿ ಯಾರೂ ಏನನ್ನೂ ಕೊಟ್ಟಿರಲಿಲ್ಲ.

ನಾನು ಅದನ್ನು ಬೀಳಿಸಿದೆ.

ಅಂಗೈಗೆ ತಾಗಿ, ಎದೆಗೆ ತಾಗಿ, ಸಿಮೆಂಟಿನ ಮೇಲೆ ಬಿದ್ದು, ಪುಟಿಯುತ್ತ ಗೌಡರ ದನದ ಕೊಟ್ಟಿಗೆಯ ಕಡೆಗೆ ಉರುಳಿತು. ಸುತ್ತ ಗದ್ದಲವೆದ್ದಿತು. ಹೊರಗಿನ ಮನುಷ್ಯ ಗೆರೆಯೊಳಗೆ ಬಂದದ್ದು ಯಾವ ಆಟದಲ್ಲೂ ನಡೆಯುವುದಿಲ್ಲ, ಬುಟ್ಟಿ ಲೆಕ್ಕಕ್ಕಿಲ್ಲ, ಸಂಪಾಜೆಗೆ ಜಯ ಎಂದು ಮಾಷ್ಟ್ರು ಸೀಟಿ ಊದಿದರು. ಅವರು ಆ ದಿನ ಕೊಟ್ಟ ಸರಿಯಾದ ತೀರ್ಪು ಅದೊಂದೇ. ನಾನು ಎರಡೂ ಕೈಗಳನ್ನು ಹಾಗೆಯೇ ಎತ್ತಿಕೊಂಡು ನಿಂತಿದ್ದೆ. ನನ್ನಿಂದಾಗಿ ತಂಡ ಸೋತಿತು, ಅದಕ್ಕಿಂತ ಹೆಚ್ಚಾಗಿ, ನನಗೆ ಉಮ್ಮನ ಬೆನ್ನು ಕಾಣಿಸುತ್ತಿತ್ತು. ಮೋನಪ್ಪ ಬಂದು ಪಕ್ಕದಲ್ಲಿ ನಿಂತು, ಮಾತಾಡಿಕೊಂಡ ಹಾಗೆ ಈಗ ಹೇಳಬೇಕು, ಆನಂದನನ್ನು ಜೀಪು ಹತ್ತಿಸುವುದಾ, ಶರೀಫನನ್ನು ನಿಮಗೆ ಬಿಡುವುದಾ ಎಂದು ಕೇಳಿದ. ಶರೀಫ್ ದೂರದಿಂದ ನನ್ನನ್ನೇ ನೋಡುತ್ತಿದ್ದ.

ಆನಂದ ಕೊಟ್ಟಿಗೆಯ ಕಡೆಯಿಂದ ಚೆಂಡು ಎತ್ತಿಕೊಂಡು ಬಂದ. ಪಂಚೆಯ ತುದಿಯಿಂದ ಸೆಗಣಿ ಒರೆಸಿದ. ಚೆಂಡನ್ನು ಒಂದು ಸುತ್ತು ತಿರುಗಿಸಿ ನೋಡಿ, ಬೆರಳಿನ ಗಂಟಿನಿಂದ ಮೂರು ಕಡೆ ಬಡಿದು, ಕಿವಿಯ ಹತ್ತಿರ ಹಿಡಿದು ಕೇಳಿದ. ಮೋನಪ್ಪನ ಪ್ರಶ್ನೆ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನನ್ನ ಎದುರು ಬಂದು ನಿಂತ.

“ಒಡಿಲಿಲ್ಲ ಹಮೀದಾಕ. ಪುನಃ ಕೊಡ್ಲಾ?”

 ಶರೀಫ್ ಸಂಪಾಜೆಯಲ್ಲಿ ಸುಖವಾಗಿರಲಿ ಎಂದು ಮೋನಪ್ಪನಿಗೆ ಹೇಳಿದೆ. ಆಮೇಲೆ ಆನಂದನ ಕಡೆಗೆ ತಿರುಗಿ, ಇಳಿಸದೇ ಉಳಿದಿದ್ದ ಕೈಗಳನ್ನು ಇನ್ನೊಂದಿಷ್ಟು ಮುಂದೆ ಚಾಚಿ, ಬರ್ಲಿ ಎಂದೆ.